ಬೇಡಾದ ಮನುಷ್ಯ ಉರುಫ್ ಪರ್ಸೋನಾ ನಾನ್ ಗ್ರಾಟಾ

2025ರ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಜಗುಲಿಯಲ್ಲಿ ಕೂತು ಪೇಪರ್ ಓದುತ್ತಿದ್ದ ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ, "ಅಲ್ವೋ, ಇದೇನೋ ಇದು, ಪರ್ಸೋನಾ ನಾನ್ ಗ್ರಾಟಾ ಅಂತ ಬರೆದಿದ್ದಾರೆ?" ಅಂದರು. ದಿಲ್ಲಿಯಲ್ಲಿದ್ದ ಪಾಕಿಸ್ತಾನ ಹೈಕಮಿಷನ್ನಿನ ಒಬ್ಬ ಅಧಿಕಾರಿ ತನ್ನ ಹುದ್ದೆಗೆ ತಕ್ಕುದಲ್ಲದ ಕೆಲಸ ಮಾಡುತ್ತಿದ್ದಾನೆ, 24 ಗಂಟೆಯೊಳಗೆ ದೇಶ ಬಿಡಬೇಕು ಎಂದು ನಮ್ಮ ಸರ್ಕಾರ ಹೇಳಿದ ಸುದ್ದಿ ಅದು. "ಅಂದ್ರೆ ನಮಗೆ ಬೇಡಾದ ಮನುಷ್ಯ ಅಂತ ಚಿಕ್ಕಪ್ಪ, ವಾಪಸ್ ಕಳಿಸ್ತಾರೆ" ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. "ತಪ್ಪು ಮಾಡಿದಾನೆ ಅಂತ ಗೊತ್ತಿದ್ದೂ ಹಿಡಿದು ಒಳಗೆ ಹಾಕದೆ, ಟಿಕೆಟ್ ತಗೊಂಡು ಹೋಗಪ್ಪ ಅಂತಾರಲ್ಲ, ಇದು ಯಾವ ಸೀಮೆ ನ್ಯಾಯ? ನಮ್ಮೂರಲ್ಲಿ ತೆಂಗಿನಕಾಯಿ ಕದ್ದವನನ್ನೂ ಹಾಗೆ ಬಿಡಲ್ಲ."

ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಅದರ ಬೆನ್ನು ಹತ್ತಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಯಿತು, ಕ್ಷಮಿಸಿ :)

ಮೊದಲು ಪದದ ವಿಚಾರ. 'ಪರ್ಸೋನಾ' ಅಂದರೆ ಲ್ಯಾಟಿನ್‌ನಲ್ಲಿ ನಾಟಕದವರು ಹಾಕಿಕೊಳ್ಳುತ್ತಿದ್ದ ಮುಖವಾಡ. ಮುಖವಾಡದಿಂದ ಪಾತ್ರ, ಪಾತ್ರದಿಂದ ಮನುಷ್ಯ ಎಂದು ಅರ್ಥ ಬೆಳೆಯಿತು. ಇಂಗ್ಲಿಷಿನ 'ಪರ್ಸನ್' ಬಂದಿದ್ದು ಇಲ್ಲಿಂದಲೇ. ನಾವು ಬಳಸುವ 'ವ್ಯಕ್ತಿ' ಎಂಬ ಸಂಸ್ಕೃತ ಪದದ ಮೂಲ ಇದಕ್ಕೆ ಪೂರ್ತಿ ತಿರುಗುಮುರುಗು. ವ್ಯಕ್ತಿ ಎಂದರೆ ವ್ಯಕ್ತವಾದದ್ದು, ಕಣ್ಣಿಗೆ ಕಾಣುವಂಥದ್ದು. ಅವರಿಗೆ ಮನುಷ್ಯ ಅಂದರೆ ಮುಖವಾಡ, ನಮಗೆ ಕಾಣಿಸಿಕೊಂಡ ರೂಪ!

'ಗ್ರಾಟಾ' ಅಂದರೆ ಮೆಚ್ಚುಗೆಯಾದ, ಹಿತವಾದ. ಇಂಗ್ಲಿಷಿನ 'ಗ್ರೇಸ್', 'ಗ್ರ್ಯಾಟಿಟ್ಯೂಡ್' ಇದೇ ಬಳಗ. ನನಗೆ ಖುಷಿ ಕೊಟ್ಟ ವಿಷಯ ಏನೆಂದರೆ ಸಂಸ್ಕೃತದಲ್ಲೂ ಇದಕ್ಕೊಬ್ಬ ದಾಯಾದಿ ಇದ್ದಾನೆ. ವೇದಕಾಲದ ಸಂಸ್ಕೃತದಲ್ಲಿ 'ಗೂರ್ತ' ಅಂದರೆ ಹೊಗಳಿಸಿಕೊಂಡ, ಒಪ್ಪಿಗೆಯಾದ. ಹೊಗಳು ಎಂಬರ್ಥದ 'ಗೃಣಾತಿ' ಕೂಡ ಇದೇ ಮೂಲದ್ದು. ಲ್ಯಾಟಿನ್ನಿನ ಗ್ರಾಟಸ್, ಸಂಸ್ಕೃತದ ಗೂರ್ತ ಎರಡೂ ಒಂದೇ ಹಳೇ ಬೇರಿನಿಂದ ಬಂದವು ಎನ್ನುತ್ತಾರೆ ಭಾಷಾವಿಜ್ಞಾನಿಗಳು. ನಡುವಿನ 'ನಾನ್' ಅಂದರೆ ಅಲ್ಲ. ಒಬ್ಬನಿದ್ದರೆ ಪರ್ಸೋನಾ ನಾನ್ ಗ್ರಾಟಾ, ಹಲವರಿದ್ದರೆ ಪರ್ಸೋನೇ ನಾನ್ ಗ್ರಾಟೇ. ಸ್ಪ್ಯಾನಿಷಿನವರು ನಡುವಿನ ಪದವನ್ನು ತಮ್ಮ ಭಾಷೆಗೆ ಹೊಂದಿಸಿಕೊಂಡು 'ಪರ್ಸೋನಾ ನೋ ಗ್ರಾಟಾ' ಎನ್ನುತ್ತಾರೆ. ರಷ್ಯನ್ನರು, ಜಪಾನಿನವರು ತಮ್ಮ ಲಿಪಿಯಲ್ಲಿ ಲ್ಯಾಟಿನ್ನನ್ನೇ ಬರೆದುಕೊಳ್ಳುತ್ತಾರೆ. ಕನ್ನಡದ ಪತ್ರಿಕೆಗಳಲ್ಲಿ ಒಮ್ಮೆ 'ಅನಪೇಕ್ಷಿತ ವ್ಯಕ್ತಿ' ಅಂತಿದ್ದರೆ ಇನ್ನೊಮ್ಮೆ ಲ್ಯಾಟಿನ್ನನ್ನೇ ಕನ್ನಡದಲ್ಲಿ ಬರೆದಿರುತ್ತಾರೆ. ನನ್ನ ಕೇಳಿದರೆ 'ಬೇಡಾದವ' ಅನ್ನುವುದೇ ಚೆಂದ, ಆದರೆ ಸರ್ಕಾರದ ಪ್ರಕಟಣೆಯಲ್ಲಿ ಹಾಗೆ ಬರೆದರೆ ಜನ ನಕ್ಕಾರು.

ಇನ್ನು ಚಿಕ್ಕಪ್ಪನ ಪ್ರಶ್ನೆ. ದೂತನನ್ನು ಮುಟ್ಟಬಾರದು ಎನ್ನುವುದು ಯುರೋಪಿನವರು ಕಂಡುಹಿಡಿದ ನಿಯಮವೇನಲ್ಲ. ರಾಮಾಯಣದ ಸುಂದರಕಾಂಡ ನೆನಪು ಮಾಡಿಕೊಳ್ಳಿ. ಅಶೋಕವನ ಹಾಳು ಮಾಡಿ, ರಾಕ್ಷಸರನ್ನು ಕೊಂದ ಹನುಮಂತನನ್ನು ಕೊಲ್ಲಿ ಎಂದು ರಾವಣ ಆಜ್ಞೆ ಮಾಡಿದಾಗ ವಿಭೀಷಣ ಅಡ್ಡ ಬರುತ್ತಾನೆ. ದೂತನನ್ನು ಕೊಲ್ಲುವಂತಿಲ್ಲ, ಬೇಕಾದರೆ ಚಾಟಿಯಲ್ಲಿ ಹೊಡೆಸು, ತಲೆ ಬೋಳಿಸು, ಅಂಗಭಂಗ ಮಾಡು ಅನ್ನುತ್ತಾನೆ. ಬಾಲಕ್ಕೆ ಬೆಂಕಿ ಇಡುವ ಶಿಕ್ಷೆ ಹುಟ್ಟಿದ್ದೇ ಆ ವಾದದಿಂದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ದೂತ ಹೇಳುವುದು ತನ್ನ ಮಾತಲ್ಲ, ಒಡೆಯನ ಮಾತು, ಆದ್ದರಿಂದ ಅವನನ್ನು ಕೊಲ್ಲಬಾರದು ಎಂಬ ವಿಚಾರವಿದೆ. ಮುಖವಾಡದ ಕಥೆಯೇ ಇದು ಕೂಡ. ಪಾತ್ರದ ಮಾತಿಗೆ ವೇಷಧಾರಿಯನ್ನು ಹೊಡೆಯಲು ಹೋಗುವುದಿಲ್ಲವಲ್ಲ.

ಹಾಗಂತ ಬಂದ ದೂತನನ್ನೆಲ್ಲ ಜನ ಮೆಚ್ಚಿಕೊಂಡು ಇಟ್ಟುಕೊಳ್ಳುತ್ತಿದ್ದರು ಎಂದಲ್ಲ. ನಮ್ಮ ಹಂಪಿಯಲ್ಲೇ ಒಂದು ಪ್ರಸಂಗ ನಡೆದಿದೆ. 1443ರಲ್ಲಿ ಪರ್ಷಿಯಾದ ದೊರೆ ಶಾರೂಖನ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಮಂಗಳೂರಿನ ಮೂಲಕ ವಿಜಯನಗರಕ್ಕೆ ಬಂದ. ಆಗ ಆಳುತ್ತಿದ್ದವನು ಪ್ರೌಢದೇವರಾಯ ಎಂದು ನಾವು ಕರೆಯುವ ಇಮ್ಮಡಿ ದೇವರಾಯ. ರಜಾಕನಿಗೆ ಉಳಿಯಲು ಮನೆ ಕೊಟ್ಟರು. ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಎರಡು ವರಾಹ ಹೊನ್ನು ಗೊತ್ತು ಮಾಡಿದರು. ಎಲ್ಲ ಚೆನ್ನಾಗಿತ್ತು. ಆದರೆ ಅಲ್ಲಿದ್ದ ಹಾರ್ಮುಜ್ ಕಡೆಯ ವ್ಯಾಪಾರಿಗಳಿಗೆ ಇವನ ಮರ್ಯಾದೆ ನೋಡಿ ಹೊಟ್ಟೆಯುರಿಯಿತು. ಇವನು ನಿಜವಾಗಿ ಶಾರೂಖ್ ಕಳಿಸಿದ ರಾಯಭಾರಿಯೇ ಅಲ್ಲ ಎಂದು ಸುದ್ದಿ ಹಬ್ಬಿಸಿದರು. ರಾಯನ ಕಡೆಯ ದೊಡ್ಡ ಅಧಿಕಾರಿ ಯುದ್ಧಕ್ಕೆ ಹೋದ ಸಮಯದಲ್ಲಿ ಅವನ ಜಾಗಕ್ಕೆ ಬಂದವನು ರಜಾಕನಿಗೆ ಬರುತ್ತಿದ್ದ ದಿನದ ಪಡಿಯನ್ನೇ ನಿಲ್ಲಿಸಿಬಿಟ್ಟ. ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಪಡಿ ನಿಂತಿತು ಅಷ್ಟೇ. ನೆಂಟರ ಮನೆಯಲ್ಲಿ ಕಾಫಿ ಕೊಡುವುದು ನಿಲ್ಲಿಸಿದರೆ ನಮಗೆ ಅರ್ಥವಾಗುವುದಿಲ್ಲವೇ, ಹಾಗೆ! ಕೊನೆಗೆ ಅವನು ಹೊರಟಾಗ ರಾಯ, ಜನ ಹೀಗೆ ಹೇಳಿದ್ದರಿಂದ ನಿನಗೆ ತಕ್ಕ ಮರ್ಯಾದೆ ಆಗಲಿಲ್ಲ, ಇನ್ನೊಮ್ಮೆ ಬಂದರೆ ಸರಿಯಾಗಿ ನೋಡಿಕೊಳ್ಳುತ್ತೇವೆ ಎಂಬರ್ಥದ ಮಾತಾಡಿ, ತನ್ನ ಕಡೆಯ ದೂತರನ್ನೂ ಜೊತೆಗೆ ಕಳಿಸಿದ. ಇದೆಲ್ಲ ರಜಾಕನೇ ಬರೆದಿಟ್ಟಿದ್ದು.

ಹೀಗೆ ಬೇಡಾದ ರಾಯಭಾರಿಯನ್ನು ಏನು ಮಾಡಬೇಕು ಎನ್ನುವುದು ಕಾನೂನಿನ ಪ್ರಶ್ನೆಯಾಗಿ ಎದ್ದ ಹೆಸರಾಂತ ಸಂದರ್ಭ 1584ರ ಇಂಗ್ಲೆಂಡಿನದು. ರಾಣಿ ಒಂದನೇ ಎಲಿಜಬೆತ್‌ಳನ್ನು ಇಳಿಸಿ ಸ್ಕಾಟ್ಲೆಂಡಿನ ಮೇರಿಯನ್ನು ಕೂರಿಸುವ ಥ್ರಾಕ್‌ಮಾರ್ಟನ್ ಸಂಚಿನಲ್ಲಿ ಸ್ಪೇನಿನ ರಾಯಭಾರಿ ಮೆಂಡೋಜಾ ಸೇರಿಕೊಂಡಿದ್ದ. ಸಂಚು ಮಾಡಿದ ಥ್ರಾಕ್‌ಮಾರ್ಟನ್‌ಗೆ ಮರಣದಂಡನೆ ಆಯಿತು. ಮೆಂಡೋಜಾನಿಗೆ? ರಾಣಿಯ ಮಂತ್ರಿಗಳು ಕಾನೂನು ಪಂಡಿತರನ್ನು ಕೇಳಿದರು. ಅವರಲ್ಲೊಬ್ಬ ಇಟಲಿಯಿಂದ ಓಡಿಬಂದು ಆಕ್ಸ್‌ಫರ್ಡ್‌ನಲ್ಲಿ ನೆಲೆಸಿದ್ದ ಅಲ್ಬೆರಿಕೋ ಜೆಂಟಿಲಿ. ರಾಯಭಾರಿಯನ್ನು ಇಲ್ಲಿ ವಿಚಾರಣೆಗೆ ಗುರಿಮಾಡುವುದು ಬೇಡ, ದೇಶದಿಂದ ಹೊರಗೆ ಹಾಕಿ ಎಂಬುದು ಸಿಕ್ಕ ಸಲಹೆ. ಹಾಗೇ ಮಾಡಿದರು. ಮಾರನೆಯ ವರ್ಷ, 1585ರಲ್ಲಿ, ಜೆಂಟಿಲಿ ರಾಯಭಾರಿಗಳ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದ. ಚಿಕ್ಕಪ್ಪ ಕೇಳಿದ ಪ್ರಶ್ನೆಯನ್ನು ನಾಲ್ಕು ಶತಮಾನದ ಹಿಂದೆ ರಾಣಿಯ ಮಂತ್ರಿಗಳೂ ಕೇಳಿದ್ದರು ಅಂತಾಯಿತು.

ವಾಪಸ್ ಕಳಿಸುವುದು ಯಾವಾಗಲೂ ಕರುಣೆಯಲ್ಲ ಎನ್ನುವುದಕ್ಕೂ ಒಂದು ಕಥೆ ಇದೆ. 1793ರಲ್ಲಿ ಕ್ರಾಂತಿಯ ಫ್ರಾನ್ಸ್‌ನಿಂದ ಎಡ್ಮಂಡ್ ಝೆನೆ ಎಂಬ ತರುಣ ಅಮೆರಿಕಾಕ್ಕೆ ರಾಯಭಾರಿಯಾಗಿ ಬಂದ. ಅಮೆರಿಕಾ ಯುದ್ಧದಲ್ಲಿ ಯಾರ ಕಡೆಯೂ ಇಲ್ಲ ಎಂದು ಅಧ್ಯಕ್ಷ ವಾಷಿಂಗ್ಟನ್ ಸಾರಿದ್ದರೆ, ಈತ ಅಲ್ಲಿನ ಬಂದರುಗಳಲ್ಲೇ ಬ್ರಿಟಿಷ್ ಹಡಗುಗಳನ್ನು ಲೂಟಿ ಮಾಡಲು ಹಡಗು ಸಜ್ಜು ಮಾಡಿದ. ಬೇಡ ಅಂದರೆ ಅಧ್ಯಕ್ಷರನ್ನು ಬಿಟ್ಟು ನೇರ ಜನರ ಹತ್ತಿರವೇ ಹೋಗುತ್ತೇನೆ ಎಂದು ಬೆದರಿಸಿದ. ಇವನನ್ನು ವಾಪಸ್ ಕರೆಸಿಕೊಳ್ಳಿ ಎಂದು ಅಮೆರಿಕಾ ಕೇಳಿತು. ಅಷ್ಟರಲ್ಲಿ ಪ್ಯಾರಿಸ್ಸಿನಲ್ಲಿ ಅಧಿಕಾರ ಇನ್ನೊಂದು ಬಣದ ಕೈಗೆ ಹೋಗಿತ್ತು. ಅವನ ಜಾಗಕ್ಕೆ ಬಂದವನ ಕೈಯಲ್ಲಿ ಅವನನ್ನು ಬಂಧಿಸುವ ಆಜ್ಞೆಯೇ ಇತ್ತು. ಹೋದರೆ ಗಿಲೊಟಿನ್ ಕಾದಿರುತ್ತಿತ್ತು. ಬೇಡ ಅಂದಿದ್ದ ವಾಷಿಂಗ್ಟನ್ನೇ ಅವನನ್ನು ಒಪ್ಪಿಸಲು ನಿರಾಕರಿಸಿ ಅಲ್ಲೇ ಇರಲು ಬಿಟ್ಟರು. ಝೆನೆ ನ್ಯೂಯಾರ್ಕ್ ಗವರ್ನರನ ಮಗಳನ್ನು ಮದುವೆಯಾಗಿ, ಬೇಸಾಯ ಮಾಡಿಕೊಂಡು 1834ರವರೆಗೆ ಬದುಕಿದ. ರಾಯಭಾರಿಯಾಗಿ ಬೇಡಾದವನು ಮನುಷ್ಯನಾಗಿ ಬೇಕಾದ!

ಕಾರಣ ಕೊಡಬೇಕೋ ಬೇಡವೋ ಎಂಬ ಜಗಳ ಜೋರಾಗಿ ನಡೆದದ್ದು 1888ರಲ್ಲಿ. ವಾಷಿಂಗ್ಟನ್ನಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ಲಯೊನೆಲ್ ಸ್ಯಾಕ್‌ವಿಲ್-ವೆಸ್ಟ್‌ಗೆ (ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್‌ರ ಅಜ್ಜ) ಕ್ಯಾಲಿಫೋರ್ನಿಯಾದಿಂದ ಮರ್ಚಿಸನ್ ಎಂಬ ಹೆಸರಿನಲ್ಲಿ ಒಂದು ಕಾಗದ ಬಂತು. ನಾನು ಇಂಗ್ಲೆಂಡ್ ಮೂಲದವನು, ಯಾರಿಗೆ ಓಟು ಹಾಕಲಿ ಎಂದು ಕೇಳಿತ್ತು. ಈ ಮಹಾಶಯ ನಂಬಿ, ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಪರವಾಗಿ ಅರ್ಥ ಬರುವಂತೆ ಉತ್ತರ ಬರೆದುಬಿಟ್ಟ. ಮರ್ಚಿಸನ್ ಎಂಬುವವನು ಇರಲೇ ಇಲ್ಲ. ಅದು ಎದುರು ಪಕ್ಷದವನೊಬ್ಬ ಒಡ್ಡಿದ ಬಲೆ. ಚುನಾವಣೆಗೆ ಕೆಲವೇ ದಿನ ಮುಂಚೆ ಪತ್ರ ಪತ್ರಿಕೆಗಳಲ್ಲಿ ಬಂತು. ಇಂಗ್ಲೆಂಡ್ ಬೆಂಬಲಿಸುವ ಅಭ್ಯರ್ಥಿ ಎಂದರೆ ಐರಿಷ್ ಮೂಲದವರ ಓಟು ಹೋದ ಹಾಗೇ. ಕ್ಲೀವ್‌ಲ್ಯಾಂಡ್ ಸಿಟ್ಟಿನಿಂದ ಅವನಿಗೆ ಪಾಸ್‌ಪೋರ್ಟ್ ಕೊಟ್ಟು ಕಳಿಸಿದರು, ಆದರೂ ಚುನಾವಣೆ ಸೋತರು. ಬ್ರಿಟಿಷ್ ಪ್ರಧಾನಿ ಸಾಲ್ಸ್‌ಬರಿ ಅವರ ವಾದ ಏನೆಂದರೆ, ನಮ್ಮ ಪ್ರತಿನಿಧಿಯನ್ನು ವಾಪಸ್ ಕರೆಸಿಕೊಳ್ಳಬೇಕಾದರೆ ಮೊದಲು ಕಾರಣ ಹೇಳಿ, ಅದು ಸರಿಯೋ ಅಲ್ಲವೋ ನಾವು ನೋಡುತ್ತೇವೆ. ಅಮೆರಿಕಾದ ವಾದ, ನಮ್ಮ ಮನೆಯಲ್ಲಿ ಯಾರಿರಬೇಕು ಅನ್ನುವುದು ನಮ್ಮ ತೀರ್ಮಾನ.

ಬರುವ ಮುಂಚೆಯೇ ಬೇಡ ಅನಿಸಿಕೊಂಡವರೂ ಇದ್ದಾರೆ. 1885ರಲ್ಲಿ ಅಮೆರಿಕಾ ಆಂಟನಿ ಕೈಲಿ ಎಂಬುವವನನ್ನು ಇಟಲಿಗೆ ನೇಮಿಸಿತು. ಪೋಪರ ರಾಜ್ಯವನ್ನು ಇಟಲಿ ಸೇರಿಸಿಕೊಂಡಿದ್ದನ್ನು ಆತ ಹಿಂದೊಮ್ಮೆ ವಿರೋಧಿಸಿ ಮಾತಾಡಿದ್ದ, ಹಾಗಾಗಿ ಇಟಲಿ ಒಲ್ಲೆ ಎಂದಿತು. ಆಸ್ಟ್ರಿಯಾ-ಹಂಗರಿಗೆ ಕಳಿಸುತ್ತೇವೆ ಅಂದರೆ ಅವರೂ ಒಲ್ಲೆ ಅಂದರು, ಯಾಕೆಂದರೆ ಅವನ ಹೆಂಡತಿ ಯಹೂದಿ. 1891ರಲ್ಲಿ ಹೆನ್ರಿ ಬ್ಲೇರ್ ಎಂಬುವವನನ್ನು ಚೀನಾ ಬೇಡವೆಂದಿತು. ಅವನು ಸೆನೆಟ್ಟಿನಲ್ಲಿ ಚೀನೀಯರ ವಲಸೆಯ ವಿರುದ್ಧ ನಿಂತಿದ್ದ. ಮೂರು ನಿರಾಕರಣೆಗಳು. ಒಂದರಲ್ಲಿ ಸ್ವಾಭಿಮಾನ ಇದೆ, ಒಂದರಲ್ಲಿ ರಾಜಕೀಯ, ಇನ್ನೊಂದರಲ್ಲಿ ಶುದ್ಧ ಜನಾಂಗದ್ವೇಷ. ಕಾರಣ ಹೇಳಬೇಕಿಲ್ಲ ಎನ್ನುವ ನಿಯಮ ಮೂರನ್ನೂ ಒಂದೇ ಚಾದರದಲ್ಲಿ ಮುಚ್ಚುತ್ತದೆ. ಇದು ಅದರ ಕೆಟ್ಟ ಮುಖ.

ಈ ಎಲ್ಲ ಜಗಳಗಳ ಮೇಲೆ ಬರೆದ ನಿಯಮ ಬಂದಿದ್ದು 1961ರ ಏಪ್ರಿಲ್ 18ರಂದು, ವಿಯೆನ್ನಾದಲ್ಲಿ. ರಾಜತಾಂತ್ರಿಕ ಸಂಬಂಧಗಳ ಕುರಿತ ವಿಯೆನ್ನಾ ಒಪ್ಪಂದ ಎಂದು ಅದರ ಹೆಸರು. 1964ರಲ್ಲಿ ಜಾರಿಗೆ ಬಂತು. ಭಾರತ ಸೇರಿದ್ದು 1965ರಲ್ಲಿ. ಅದನ್ನು ನಮ್ಮ ಕಾನೂನಿಗೆ ತರಲು 1972ರಲ್ಲಿ ಸಂಸತ್ತು ಒಂದು ಕಾಯ್ದೆಯನ್ನೂ ಮಾಡಿತು. ಅದರ 9ನೇ ವಿಧಿಯೇ ನಮ್ಮ ಕಥಾನಾಯಕ. ಆತಿಥೇಯ ದೇಶ ಯಾವಾಗ ಬೇಕಾದರೂ, ಕಾರಣ ಹೇಳದೆ, ಒಬ್ಬ ರಾಜತಾಂತ್ರಿಕನನ್ನು ಪರ್ಸೋನಾ ನಾನ್ ಗ್ರಾಟಾ ಎಂದು ತಿಳಿಸಬಹುದು. ಅವನು ಬರುವ ಮೊದಲೇ ತಿಳಿಸಲೂಬಹುದು. ಆಗ ಕಳಿಸಿದ ದೇಶ ಅವನನ್ನು ಕರೆಸಿಕೊಳ್ಳಬೇಕು ಇಲ್ಲವೇ ಅವನ ಕೆಲಸ ಮುಗಿಸಬೇಕು. ತಕ್ಕ ಸಮಯದೊಳಗೆ ಹಾಗೆ ಮಾಡದಿದ್ದರೆ ಅವನನ್ನು ರಾಯಭಾರ ಕಚೇರಿಯ ಸದಸ್ಯ ಎಂದು ಪರಿಗಣಿಸಲು ಆತಿಥೇಯ ದೇಶ ನಿರಾಕರಿಸಬಹುದು. ಒಂದು ಸೂಕ್ಷ್ಮ ಇದೆ: ಲ್ಯಾಟಿನ್ ಬಿರುದು ರಾಜತಾಂತ್ರಿಕ ದರ್ಜೆಯವರಿಗೆ ಮಾತ್ರ. ಕಚೇರಿಯ ಉಳಿದ ಸಿಬ್ಬಂದಿಗೆ ಬರೀ 'ಒಪ್ಪಿಗೆಯಿಲ್ಲ' ಎಂದರೆ ಸಾಕು. ಬೈಸಿಕೊಳ್ಳುವುದರಲ್ಲೂ ದರ್ಜೆ!

ಈ 9ನೇ ವಿಧಿಯನ್ನು 29ನೇ ವಿಧಿಯ ಜೊತೆ ಓದಬೇಕು. ರಾಜತಾಂತ್ರಿಕನ ದೇಹವನ್ನು ಮುಟ್ಟುವಂತಿಲ್ಲ, ಬಂಧಿಸುವಂತಿಲ್ಲ ಎನ್ನುತ್ತದೆ ಅದು. ಮುಟ್ಟುವಂತಿಲ್ಲ ಎಂದ ಮೇಲೆ ಕಳಿಸುವ ಹಕ್ಕಾದರೂ ಬೇಕಲ್ಲ. ಒಂದು ಕೈಯಲ್ಲಿ ಕೊಟ್ಟ ರಕ್ಷಣೆಗೆ ಇನ್ನೊಂದು ಕೈಯಲ್ಲಿ ಇಟ್ಟುಕೊಂಡ ಬಾಗಿಲು ಇದು.

ಇದರಿಂದ ಯಾರಿಗೆ ಲಾಭ? ಇಲ್ಲಿ ನಮ್ಮವರದೇ ಕಥೆ ಹೇಳಬೇಕು. 1967ರ ಜೂನ್. ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿಯ ಅಬ್ಬರ. ಪೀಕಿಂಗ್‌ನ ನಮ್ಮ ರಾಯಭಾರ ಕಚೇರಿಯ ಕೆ. ರಘುನಾಥ್ ಮತ್ತು ಪಿ. ವಿಜಯ್ ಎಂಬ ಇಬ್ಬರು ತರುಣ ಅಧಿಕಾರಿಗಳು ಊರ ಹೊರಗಿನ ಬೆಟ್ಟಗಳ ಕಡೆ ಮಲಗಿದ ಬುದ್ಧನ ಗುಡಿ ನೋಡಲು ಕಾರಿನಲ್ಲಿ ಹೊರಟರು. ದಾರಿಯಲ್ಲಿ ಒಂದು ಹಳೇ ಗುಡಿಯ ಫೋಟೋ ತೆಗೆದರು. ನಿಷೇಧಿತ ಸೈನಿಕ ಪ್ರದೇಶದ ಫೋಟೋ ತೆಗೆದ ಗೂಢಚಾರರು ಎಂದು ಹಿಡಿದರು. ರಘುನಾಥರ ರಾಜತಾಂತ್ರಿಕ ರಕ್ಷಣೆಯನ್ನು ಚೀನಾ ತಾನೇ ಕಿತ್ತುಹಾಕಿ, ಸಾವಿರಾರು ಜನ ಸೇರಿದ ಬಹಿರಂಗ ವಿಚಾರಣೆ ನಡೆಸಿ ಗಡೀಪಾರು ಮಾಡಿತು. ವಿಜಯ್ ಅವರನ್ನು ಪರ್ಸೋನಾ ನಾನ್ ಗ್ರಾಟಾ ಎಂದಿತು. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ರೆಡ್ ಗಾರ್ಡ್‌ಗಳ ಗುಂಪು ಇಬ್ಬರನ್ನೂ ಎಳೆದಾಡಿ ಹೊಡೆಯಿತು.

ಭಾರತವೂ ಸುಮ್ಮನಿರಲಿಲ್ಲ. ದಿಲ್ಲಿಯ ಚೀನಾ ಕಚೇರಿಯ ಇಬ್ಬರ ಮೇಲೆ ಅದೇ ಅಳತೆಯ ಕ್ರಮ ಕೈಗೊಂಡಿತು. ಆಮೇಲೆ ದಿಲ್ಲಿಯಲ್ಲೂ ಜನರ ಗುಂಪು ಚೀನಾ ರಾಯಭಾರ ಕಚೇರಿಗೆ ನುಗ್ಗಿ ಅಲ್ಲಿದ್ದವರನ್ನು ಗಾಯಗೊಳಿಸಿತು. ಅದಕ್ಕೆ ಉತ್ತರವಾಗಿ ಪೀಕಿಂಗ್‌ನ ನಮ್ಮ ಕಚೇರಿಗೆ ಮುತ್ತಿಗೆ. ಒಳಗಿದ್ದವರು ನಮ್ಮವರೇ, ಅವರ ಹೆಂಡಿರು ಮಕ್ಕಳು. ಚೀನಾ ಆಗಿನ್ನೂ ವಿಯೆನ್ನಾ ಒಪ್ಪಂದಕ್ಕೆ ಸೇರಿರಲಿಲ್ಲ, ಸೇರಿದ್ದು 1975ರಲ್ಲಿ. ಆದರೆ ದೂತನನ್ನು ಮುಟ್ಟಬಾರದು ಎಂಬ ಕಟ್ಟಳೆ ಒಪ್ಪಂದಕ್ಕಿಂತ ಎಷ್ಟೋ ಹಳೆಯದು. ಅದನ್ನು ಒಂದು ಕಡೆ ಮುರಿದರೆ ಇನ್ನೊಂದು ಕಡೆ ಎಷ್ಟು ಬೇಗ ಮುರಿಯುತ್ತದೆ ನೋಡಿ. ಮೊದಲಿಂದ ಕೊನೆಯವರೆಗೆ ಹೆಚ್ಚು ದಿನ ಹಿಡಿಯಲಿಲ್ಲ. ಈ ರಘುನಾಥರೇ ಮುಂದೆ 1997ರಲ್ಲಿ ನಮ್ಮ ವಿದೇಶಾಂಗ ಕಾರ್ಯದರ್ಶಿಯಾದರು.

ಇದರ ಪಕ್ಕದಲ್ಲಿ 1952ರ ಜಾರ್ಜ್ ಕೆನನ್ ಪ್ರಸಂಗ ಇಡಿ. ಮಾಸ್ಕೋದಲ್ಲಿ ಅಮೆರಿಕಾದ ರಾಯಭಾರಿಯಾಗಿದ್ದ ಕೆನನ್ ಬರ್ಲಿನ್ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರ ಎದುರು ಬಾಯಿ ಜಾರಿದರು. ಮಾಸ್ಕೋದ ಬದುಕು, ಹಿಂದೆ ನಾಜಿಗಳು ತನ್ನನ್ನು ಕೂಡಿಹಾಕಿದ್ದ ದಿನಗಳ ಹಾಗೇ ಇದೆ ಅಂದುಬಿಟ್ಟರು. ಸ್ಟಾಲಿನ್ ಸರ್ಕಾರ ಅಕ್ಟೋಬರ್ 3ರಂದು ಪರ್ಸೋನಾ ನಾನ್ ಗ್ರಾಟಾ ಎಂದು ಘೋಷಿಸಿ ಬಾಗಿಲು ಹಾಕಿತು. ಹೆಂಡತಿ ಮಕ್ಕಳು ಇನ್ನೂ ಮಾಸ್ಕೋದಲ್ಲೇ ಇದ್ದರು. ಅವಮಾನ ಆಯಿತು, ಕೆಲಸ ಹೋಯಿತು. ಆದರೆ ಸ್ಟಾಲಿನ್‌ನ ಮಾಸ್ಕೋದಲ್ಲಿ ಕೂಡ ಅವರನ್ನು ಯಾರೂ ಎಳೆದಾಡಲಿಲ್ಲ.

ಹಾಗಾದರೆ ಚಿಕ್ಕಪ್ಪನ ಸಿಟ್ಟು ತಪ್ಪೇ? ಅಲ್ಲ. 1984ರ ಏಪ್ರಿಲ್ 17ರಂದು ಲಂಡನ್ನಿನಲ್ಲಿ ಲಿಬಿಯಾ ರಾಯಭಾರ ಕಚೇರಿಯ ಎದುರು ಪ್ರತಿಭಟನೆ ನಡೆಯುತ್ತಿತ್ತು. ಕಚೇರಿಯ ಒಳಗಿಂದ ಗುಂಡು ಹಾರಿತು. ಬಂದೋಬಸ್ತಿಗೆ ನಿಂತಿದ್ದ 25 ವರ್ಷದ ಪೊಲೀಸ್ ಹುಡುಗಿ ಇವೋನ್ ಫ್ಲೆಚರ್ ಸತ್ತಳು. ಪೊಲೀಸರು ಕಚೇರಿಯನ್ನು ಸುತ್ತುವರಿದು ಕಾದರು. ಟ್ರಿಪೋಲಿಯಲ್ಲಿ ಬ್ರಿಟಿಷ್ ರಾಯಭಾರ ಕಚೇರಿಯ ಸುತ್ತಲೂ ಅದೇ ಪರಿಸ್ಥಿತಿ. ಕೊನೆಗೆ ಬ್ರಿಟನ್ ಸಂಬಂಧ ಕಡಿದುಕೊಂಡು, ಏಪ್ರಿಲ್ 27ರಂದು ಒಳಗಿದ್ದವರನ್ನೆಲ್ಲ ವಿಮಾನ ಹತ್ತಿಸಿ ಕಳಿಸಿತು. ಗುಂಡು ಹೊಡೆದವನೂ ಆ ಸಾಲಿನಲ್ಲೇ ನಡೆದು ಹೋದ. 2021ರಲ್ಲಿ ಲಂಡನ್ ಹೈಕೋರ್ಟು ಸಿವಿಲ್ ದಾವೆಯೊಂದರಲ್ಲಿ ಒಬ್ಬ ಲಿಬಿಯನ್ನನನ್ನು ಆ ಸಾವಿಗೆ ಜಂಟಿ ಹೊಣೆಗಾರ ಎಂದಿತು, 37 ವರ್ಷದ ಮೇಲೆ. ಈ ನಿಯಮದ ಬೆಲೆ ಯಾರು ತೆತ್ತರು ಎಂದು ಕೇಳಿದರೆ ಆ ಹುಡುಗಿಯ ಹೆತ್ತವರನ್ನು ತೋರಿಸಬೇಕು. ಇದಕ್ಕೆ ನನ್ನಲ್ಲಿ ಸಮಾಧಾನದ ಮಾತಿಲ್ಲ.

ಇತ್ತೀಚೆಗೆ ಈ ಪದ ರಾಯಭಾರಿಗಳನ್ನು ಬಿಟ್ಟು ಎಲ್ಲರ ಮೇಲೂ ಬೀಳುತ್ತಿದೆ. ಊರಿನ ಬಗ್ಗೆ ಕೆಟ್ಟದಾಗಿ ಮಾತಾಡಿದಳೆಂದು 1998ರಲ್ಲಿ ಮನಿಲಾ ನಗರಸಭೆ ನಟಿ ಕ್ಲೇರ್ ಡೇನ್ಸ್‌ಳನ್ನು ಪರ್ಸೋನಾ ನಾನ್ ಗ್ರಾಟಾ ಅಂದಿತು. 2011ರಲ್ಲಿ ಕಾನ್ ಚಿತ್ರೋತ್ಸವ ನಿರ್ದೇಶಕ ಲಾರ್ಸ್ ವಾನ್ ಟ್ರಿಯರ್‌ನನ್ನು, 2012ರಲ್ಲಿ ಒಂದು ಕವಿತೆಗಾಗಿ ಇಸ್ರೇಲ್ ಜರ್ಮನ್ ಲೇಖಕ ಗುಂಟರ್ ಗ್ರಾಸ್‌ನನ್ನು ಹಾಗಂದವು. 2024ರ ಅಕ್ಟೋಬರಿನಲ್ಲಿ ಇಸ್ರೇಲ್ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಗುಟೆರಸ್ ಅವರಿಗೂ ಇದೇ ಬಿರುದು ಕೊಟ್ಟಿತು. ಇವೆಲ್ಲ ಒಂಥರಾ ಊರ ಬಹಿಷ್ಕಾರಗಳು. ಇಲ್ಲಿ ಪದಕ್ಕಿರುವುದು ಬೈಗುಳದ ಅರ್ಥ ಮಾತ್ರ. ಮೂಲದಲ್ಲಿ ಅದರ ಜೊತೆಗಿದ್ದ ಇನ್ನೊಂದು ಅರ್ಧ, ಅಂದರೆ 'ನೀನು ಬೇಡ, ಆದರೆ ನಿನ್ನ ಮೈ ಮುಟ್ಟುವುದಿಲ್ಲ' ಎಂಬ ಮಾತು, ಬಿಟ್ಟುಹೋಗಿದೆ. ನನಗೆ ಆ ಅರ್ಧವೇ ಮುಖ್ಯ ಅನ್ನಿಸುತ್ತೆ.

ಇದನ್ನೆಲ್ಲ ಓದಿದ ಮೇಲೆ ಚಿಕ್ಕಪ್ಪನಿಗೆ ಫೋನ್ ಮಾಡಿ, ರಘುನಾಥ್ ಮತ್ತು ವಿಜಯ್ ಕಥೆ ಹೇಳಿದೆ. "ಇಲ್ಲಿ ಅವರವನನ್ನು ನಾವು ಹಿಡಿದು ಬಡಿದರೆ, ಅಲ್ಲಿ ನಮ್ಮವರ ಗತಿ ಏನು ಚಿಕ್ಕಪ್ಪ? ಅಲ್ಲಿ ನಮ್ಮ ಹುಡುಗರೂ ಇದ್ದಾರಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದೂ ಸರಿ ಅನ್ನು. ಆದ್ರೆ ಆ ಲಂಡನ್ ಹುಡುಗಿ ವಿಷಯ ಮಾತ್ರ ಸರಿ ಅಲ್ಲಪ್ಪ" ಅಂದರು.

ಹೌದು, ಅದು ಸರಿ ಅಲ್ಲ. ಆದರೂ ಈ ನಿಯಮ ಇರಲೇಬೇಕು ಅನ್ನುವ ಕಡೆಗೇ ನನ್ನ ಮನಸ್ಸು ವಾಲುತ್ತದೆ. ನಿಮಗೆ?